ಆಲೆಮನೆಗೆ ಹಲಗೆಯಲ್ಲಿ ಬಂದ ಕಾಯಿದೆ

ಶಿವಮೊಗ್ಗದಿಂದ ಶಿಕಾರಿಪುರದ ಕಡೆಗೆ ಮೊದಲ ಬಸ್ಸು ಬೆಳಿಗ್ಗೆ ಏಳಕ್ಕೆ ಎಂದು ಬೋರ್ಡಿನ ಮೇಲಿತ್ತು. ಏಳೂವರೆಗೆ ಡ್ರೈವರು ಬಂದ, ಎಂಜಿನ್ನಿಗೆ ನೀರು ಹಾಕಿದ, ತಾನೂ ಎರಡು ಲೋಟ ಚಹಾ ಕುಡಿದ, ಎಂಟಕ್ಕೆ ಬಸ್ಸು ಹೊರಟಿತು. ಅದು ೧೯೫೮ರ ಜನವರಿ. ಹೊಸ ಪೈಸೆ ಚಲಾವಣೆಗೆ ಬಂದು ವರ್ಷವಾಗುತ್ತ ಬಂದಿದ್ದರೂ ಕಂಡಕ್ಟರು ದರವನ್ನು ಆಣೆಯಲ್ಲಿ ಹೇಳಿ ಚಿಲ್ಲರೆಯನ್ನು ಪೈಸೆಯಲ್ಲಿ ಕೊಡುತ್ತಿದ್ದ. ಒಂದು ರೂಪಾಯಿ ಆರಾಣೆಯ ಟಿಕೆಟ್ಟಿಗೆ ನನಗೆ ಎಷ್ಟು ವಾಪಸು ಬರಬೇಕೆಂಬುದು ನನಗೂ ತಿಳಿಯಲಿಲ್ಲ, ಅವನಿಗೂ ತಿಳಿದಂತೆ ಕಾಣಲಿಲ್ಲ. ಇಬ್ಬರೂ ಗಂಭೀರವಾಗಿ ತಲೆಯಾಡಿಸಿ ವ್ಯವಹಾರ ಮುಗಿಸಿದೆವು.

ನಾನು ಹೊರಟಿದ್ದ ಕೆಲಸವನ್ನು ಮೊದಲೇ ಹೇಳಿಬಿಡುತ್ತೇನೆ. ಸುಗ್ಗಿಯ ದಿನಗಳಲ್ಲಿ ಗದ್ದೆಗೂ ಆಲೆಮನೆಗೂ ಕೂಲಿಗೆ ಬರುವ ಹುಡುಗ ಹುಡುಗಿಯರ ಬಗ್ಗೆ ಜಿಲ್ಲೆಯಲ್ಲಿ ಕೆಲವು ನಿಯಮಗಳನ್ನು ಸಾರಿದ್ದರು. ಹದಿನೈದು ವರ್ಷ ತುಂಬದವರನ್ನು ಕಬ್ಬಿನ ಗಾಣದ ಬಳಿ ನಿಲ್ಲಿಸಕೂಡದು. ಹದಿನೈದು ದಾಟಿ ಹದಿನೆಂಟು ಮುಟ್ಟದವರನ್ನು ಹಗಲಿನಲ್ಲಿ ಮಾತ್ರ ದುಡಿಸಬೇಕು, ಭಾರಿ ಹೊರೆ ಹೊರಿಸಬಾರದು. ಈ ನಿಯಮ ಹಳ್ಳಿಗಳಿಗೆ ಮುಟ್ಟಿತೇ, ಮುಟ್ಟಿ ಏನು ಮಾಡಿತು ಎಂದು ನೋಡಿಕೊಂಡು ಬಾ ಎಂದು ಸರ್ಕಾರದವರು ನನ್ನನ್ನು ಕಳುಹಿಸಿದ್ದರು. ದಂಡ ಹಾಕುವ ಅಧಿಕಾರ ನನಗಿರಲಿಲ್ಲ. ನನ್ನಂಥವರನ್ನು ಕಂಡರೆ ಹಳ್ಳಿಯವರು ಮಜ್ಜಿಗೆ ಕೊಡುತ್ತಾರೆ, ಹೂಂ ಅನ್ನುತ್ತಾರೆ, ನಾವು ಬೆನ್ನು ತಿರುಗಿಸಿದ ಮೇಲೆ ಅವರ ಪಾಡಿಗೆ ಅವರಿರುತ್ತಾರೆ. ಮೈಸೂರಿನ ಗೆಳೆಯರು ನನ್ನನ್ನು ಕಲ್ಲುಮನಸ್ಸಿನವನೆಂದು ಛೇಡಿಸುವುದುಂಟು. ಊರೂರು ಸುತ್ತಿ ನೋಡುವ ಕೆಲಸಕ್ಕೆ ಅಂಥ ಮನಸ್ಸೇ ಅನುಕೂಲ ಎಂದು ನಾನು ಅಂದುಕೊಂಡಿದ್ದೆ.

ಮೂವತ್ತು ಚಿಲ್ಲರೆ ಮೈಲಿಯ ದಾರಿಗೆ ಮೂರು ಗಂಟೆ ಹಿಡಿಯಿತು. ದಾರಿಯುದ್ದಕ್ಕೂ ಭತ್ತದ ಕೊಯ್ಲು ಮುಗಿದು ಬಣವೆಗಳು ಎದ್ದಿದ್ದವು. ಬಿಸಿಲು ಏರಿದರೂ ಗಾಳಿಯಲ್ಲಿ ಚಳಿ ಇತ್ತು. ಶಿಕಾರಿಪುರದಲ್ಲಿ ಇಳಿದಾಗ ಹೊಟ್ಟೆ ಚುರುಗುಟ್ಟುತ್ತಿತ್ತು. ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಬಿಟ್ಟು ಬೇರೇನೂ ಇರಲಿಲ್ಲ. ಕಾಫಿ ಕೇಳಿದೆ. ಹೋಟೆಲಿನವನು ಬೆಲ್ಲದ ಚಹಾ ತಂದಿಟ್ಟು, "ಆಲೆಮನೆ ಕಾಲ ಐತ್ರಿ, ಸಕ್ರಿ ಯಾರು ಕೊಳ್ತಾರ?" ಎಂದ. ಚಹಾ ಚೆನ್ನಾಗಿತ್ತು ಎಂದು ಒಪ್ಪಿಕೊಳ್ಳಲು ಮೈಸೂರಿನವನಿಗೆ ಸ್ವಲ್ಪ ಕಷ್ಟವಾಗುತ್ತದೆ.

ಸಂಜೆ ಕಚೇರಿಯೊಂದರಲ್ಲಿ ವಿಚಾರಿಸಿದೆ. ಅಲ್ಲಿಯ ಗುಮಾಸ್ತರು ನನ್ನ ಪ್ರಶ್ನೆಯಿಂದ ಸ್ವಲ್ಪ ನೊಂದುಕೊಂಡರು. "ಎಲ್ಲ ಹಳ್ಳೀಗೂ ಮುಟ್ಟೈತ್ರಿ. ಓದಾಕೆ ಬಾರದ ಜನ, ಅದಕ್ಕ ಡಂಗುರಾನೇ ಹಾಕಿಸೇವಿ," ಎಂದರು. ಹಳ್ಳಿಯ ತಳವಾರ ಹಲಗೆ ಬಡಿದುಕೊಂಡು ಬೀದಿ ಬೀದಿಯಲ್ಲಿ ನಿಂತು ಸಾರಿದ ಮೇಲೆ ಗೊತ್ತಿಲ್ಲ ಎನ್ನಲು ಯಾರಿಗೂ ಬಾಯಿಲ್ಲ ಎಂಬುದು ಅವರ ವಾದ. ನನಗೂ ಅದು ಸರಿ ಎನ್ನಿಸಿತು. ಕತ್ತಲಾಗುವವರೆಗೆ ಹುಚ್ಚರಾಯನ ಕೆರೆಯ ಏರಿಯ ಮೇಲೆ ಅಡ್ಡಾಡಿ, ಪ್ರವಾಸಿ ಬಂಗಲೆಯಲ್ಲಿ ಬೇಗ ಮಲಗಿದೆ.

ಮರುದಿನ ಶಿರಾಳಕೊಪ್ಪಕ್ಕೆ ಬಸ್ಸು, ಅಲ್ಲಿಂದ ತೊಗರ್ಸಿಗೆ ಬಾಡಿಗೆ ಗಾಡಿ. ಗಾಡಿಯವನು ದಾರಿಯುದ್ದಕ್ಕೂ ಒಂದೇ ಒಂದು ಮಾತಾಡಿದ. ಬಲಕ್ಕೆ ತಿರುಗುವ ಜಾಡನ್ನು ತೋರಿಸಿ, "ಹಿಂಗ ಹೋದ್ರೆ ಬಂದಳಿಕೆ. ಹಾಳು ಗುಡಿ ಅದಾವು, ನೋಡೋರು ಬರ್ತಾರೆ," ಎಂದ. ನಾನು ಹೋಗಲಿಲ್ಲ. ತೊಗರ್ಸಿಯ ಮಲ್ಲಿಕಾರ್ಜುನನ ಗುಡಿಯ ಕಟ್ಟೆಯ ಮೇಲೆ ಕೂತು ಬುತ್ತಿ ಬಿಚ್ಚಿದೆ. ಜೋಳದ ರೊಟ್ಟಿ ಗಾಡಿಯ ಕುಲುಕಾಟಕ್ಕೆ ಪುಡಿಯಾಗಿತ್ತು, ಚಟ್ನಿಪುಡಿಯ ಜೊತೆ ಬೆರೆಸಿ ತಿಂದೆ. ನಾನು ಹೋಗಬೇಕಾಗಿದ್ದ ಹಳ್ಳಿ ಅಲ್ಲಿಂದ ಮುಂದೆ ಒಂದೂವರೆ ಮೈಲಿ. ಅದರ ಹೆಸರು ಇಲ್ಲಿ ಬೇಡ. ಆ ಊರಿನ ಗೌಡರಿಗೆ ಹಾಗೆಂದು ಮಾತು ಕೊಟ್ಟಿದ್ದೇನೆ.

ಊರು ಕಾಣುವ ಮೊದಲೇ ಬೆಲ್ಲದ ಪಾಕದ ವಾಸನೆ ಬಂತು. ಹಳ್ಳದ ಪಕ್ಕದ ಬಯಲಿನಲ್ಲಿ ಆಲೆಮನೆ. ತೆಂಗಿನಗರಿಯ ಚಪ್ಪರದ ಕೆಳಗೆ ದೊಡ್ಡ ಕೊಪ್ಪರಿಗೆ ಕುದಿಯುತ್ತಿತ್ತು. ಅದರಾಚೆ ಗಾಣ. ನೋಡದವರಿಗಾಗಿ ಹೇಳುತ್ತೇನೆ: ಮೂರು ಕಬ್ಬಿಣದ ಉರುಳೆಗಳು ಒಂದಕ್ಕೊಂದು ಅಂಟಿಕೊಂಡು ನಿಂತಿರುತ್ತವೆ. ಅವುಗಳ ತಲೆಗೆ ಉದ್ದನೆಯ ತೊಲೆಯೊಂದನ್ನು ಸಿಕ್ಕಿಸಿ, ಅದರ ತುದಿಗೆ ಎತ್ತು ಕಟ್ಟಿ ಸುತ್ತ ತಿರುಗಿಸುತ್ತಾರೆ. ಉರುಳೆಯ ಬಾಯಿಗೆ ಕಬ್ಬು ಕೊಡಲು ಒಬ್ಬರು ಕಲ್ಲಿನ ಮೇಲೆ ಕೂತಿರಬೇಕು. ಪ್ರತಿ ಸುತ್ತಿಗೂ ತೊಲೆ ಅವರ ತಲೆಯ ಮಟ್ಟದಲ್ಲೇ ಹಾದುಹೋಗುತ್ತದೆ, ಹಾಗಾಗಿ ಪ್ರತಿ ಸುತ್ತಿಗೂ ಬಗ್ಗಬೇಕು. ಬಗ್ಗುವಾಗ ಕಣ್ಣು ತೊಲೆಯ ಮೇಲೆ, ಕೈ ಉರುಳೆಯ ಬಾಯಲ್ಲಿ.

ಆ ಕಲ್ಲಿನ ಮೇಲೆ ಕೂತಿದ್ದವಳು ಹನ್ನೊಂದರ ಸುಮಾರಿನ ಹುಡುಗಿ. ಹೆಸರು ಗಂಗೆ. ಹರಿದ ಲಂಗ, ಎಣ್ಣೆ ಕಾಣದ ಎರಡು ಜಡೆ. ಒಂದೊಂದೇ ಕಬ್ಬನ್ನು ಎಳೆದು ಉರುಳೆಗೆ ಕೊಡುತ್ತ, ಬಾಯಿಯಲ್ಲಿ ಏನೋ ಹಾಡಿಕೊಳ್ಳುತ್ತಿದ್ದಳು. ಎತ್ತು ಹೊಡೆಯುತ್ತಿದ್ದವನೂ ಅವಳ ವಯಸ್ಸಿನ ಹುಡುಗ. ಕಬ್ಬಿನ ಗರಿ ಸುಲಿಯುತ್ತಿದ್ದವರು, ಹಿಂಡಿದ ಸಿಪ್ಪೆಯನ್ನು ಒಣಗಿಸಲು ಹರಡುತ್ತಿದ್ದವರು ಎಲ್ಲರೂ ಚಿಳ್ಳೆಪಿಳ್ಳೆಗಳೇ. ಕೊಪ್ಪರಿಗೆಯ ಬಳಿ ಇಬ್ಬರು ಗಂಡಸರು ಬಿಟ್ಟರೆ ಆ ಬಯಲಿನಲ್ಲಿ ದೊಡ್ಡವರು ಕಾಣಲಿಲ್ಲ. ಹದಿನೈದು ದಾಟಿದ ಹೆಣ್ಣುಮಗಳಂತೂ ಒಬ್ಬಳೂ ಇರಲಿಲ್ಲ. ನಿಯಮವನ್ನು ತಲೆಕೆಳಗು ಮಾಡಿ ನಿಲ್ಲಿಸಿದ ಹಾಗಿತ್ತು.

ಗಾಣದ ಯಜಮಾನರು ರುದ್ರಗೌಡರು. ಐವತ್ತರ ಮೇಲಿನ ವಯಸ್ಸು, ಹೆಗಲ ಮೇಲೆ ಕಂಬಳಿ, ನಗುಮುಖ. ನಾನು ಯಾರೆಂದು ತಿಳಿದ ಕೂಡಲೇ ಕಬ್ಬಿನ ಹಾಲು ತರಿಸಿದರು. ಲೋಟ ಕೊಡುವಾಗ ಅವರ ಎಡಗೈ ನೋಡಿದೆ. ಕಿರುಬೆರಳು, ಉಂಗುರದ ಬೆರಳು ಎರಡೂ ಬುಡದವರೆಗೆ ಇರಲಿಲ್ಲ. ನಾನು ನೋಡಿದ್ದನ್ನು ಅವರೂ ನೋಡಿದರು.

"ಇದೇ ಗಾಣಾನೇ ತಿಂದದ್ದು," ಎಂದರು. "ನಮ್ಮಪ್ಪನ ಕಾಲದಾಗ. ನಾನಾಗ ಈ ಹುಡುಗಿ ಎತ್ತರ ಇದ್ದೆ. ಏನಾತ್ರಿ? ಗೌಡ್ಕಿ ಮಾಡಾಕ ಮೂರು ಬೆಳ್ಳು ಸಾಕು."

ಅವರು ನಕ್ಕರು, ನಾನೂ ನಗಬೇಕಾಯಿತು. ಸಣ್ಣ ಹುಡುಗಿಯನ್ನು ಗಾಣಕ್ಕೆ ಯಾಕೆ ಕೂರಿಸಿದ್ದೀರಿ ಎಂದು ಕೇಳಿದೆ. ಗೌಡರಿಗೆ ನಿಜವಾಗಿಯೂ ಆಶ್ಚರ್ಯವಾಯಿತು.

"ನೀವೇ ಹೇಳಿದ್ರಲ್ರೀ! ಡಂಗುರ ಬಿದ್ದ ಮರುದಿವಸಾನೇ ದೊಡ್ಡ ಹುಡುಗ್ಯಾರನ್ನ ಎಲ್ಲಾ ಬಿಡಿಸೇವಿ. ಒಬ್ಬಾಕಿನೂ ಇಟ್ಕೊಂಡಿಲ್ಲ. ಬೇಕಾದ್ರೆ ಊರೆಲ್ಲ ಹುಡುಕ್ರಿ. ಸಣ್ಣೋರಿಂದ ಕೆಲಸ ನಿಧಾನ ಆಗ್ತೈತಿ, ನಮಗೇ ಲುಕ್ಸಾನು. ಆದ್ರೂ ಕಾಯಿದೆ ಅಂದ್ಮ್ಯಾಲೆ ಕಾಯಿದೆ."

ಅವರು ಏನು ಹೇಳುತ್ತಿದ್ದಾರೆಂದು ನನಗೆ ಅರ್ಥವಾಗಲಿಲ್ಲ. ಕಬ್ಬಿನ ಹಾಲು ಮುಗಿಸಿ ಚಪ್ಪರದ ನೆರಳಿನಲ್ಲಿ ಕೂತೆ. ಸ್ವಲ್ಪ ಹೊತ್ತಿಗೆ ಊರಿನ ಕಡೆಯಿಂದ ಒಬ್ಬಳು ನೇರವಾಗಿ ನನ್ನ ಎದುರಿಗೆ ಬಂದು ನಿಂತಳು. ಹದಿನೆಂಟು ಹತ್ತೊಂಬತ್ತರ ಹೆಣ್ಣುಮಗಳು, ಮೊಣಕಾಲವರೆಗೆ ಎತ್ತಿ ಕಟ್ಟಿದ ಸೀರೆ, ಕಬ್ಬಿನ ಗರಿ ಗೀರಿ ಗೀರಿ ಗೆರೆ ಬಿದ್ದ ತೋಳು. ಗಂಗೆಯ ಅಕ್ಕ, ಹಾಲಮ್ಮ. ಅಪ್ಪ ಇಲ್ಲದ ಮನೆ. ಹಿಂದಿನ ಎರಡು ಸುಗ್ಗಿ ಆ ಕಲ್ಲಿನ ಮೇಲೆ ಕೂತು ಕಬ್ಬು ಕೊಟ್ಟವಳು ಅವಳೇ.

"ಸಾಹೇಬ್ರೆ, ಒಂದು ಮಾತು ಕೇಳ್ಲಾ?" ಎಂದಳು. "ಮೈನೆರೆದೋರು ದುಡೀಬಾರ್ದು ಅಂತ ಸರ್ಕಾರದೋರು ಯಾಕಂದ್ರು? ನಾವು ಮುಟ್ಟಿದ್ದು ಕೆಡ್ತತೇನು?"

ನಾನು ಗೌಡರ ಮುಖ ನೋಡಿದೆ. ಗೌಡರು ಆಕಾಶ ನೋಡಿದರು. ತಳವಾರನನ್ನು ಕರೆಸಿರಿ ಎಂದೆ.

ತಳವಾರ ದುರ್ಗಪ್ಪ ಹಲಗೆ ಸಮೇತ ಬಂದ. ಸಾಹೇಬರು ಕರೆದಿದ್ದಾರೆ ಎಂದರೆ ಡಂಗುರಕ್ಕೇ ಇರಬೇಕೆಂದು ಅವನ ಲೆಕ್ಕ. ಅವತ್ತು ಏನೆಂದು ಸಾರಿದೆಯೋ ಹಾಗೆಯೇ ಸಾರು ಎಂದೆ. ಅವನು ಕಾಲು ಊರಿ ನಿಂತು, ಹಲಗೆಯನ್ನು ಎರಡು ಸಲ ಬಡಿದು, ಕೊರಳು ಎತ್ತಿ ಕೂಗಿದ:

"ಕೇಳ್ರಪ್ಪೋ ಕೇಳ್ರಿ! ಮೈನೆರದ ಹುಡುಗ್ಯಾರನ್ನ ಗಾಣದ ಕೆಲಸಕ್ಕ ಕರೀಬಾರದು! ಸರ್ಕಾರದ ಹುಕುಂ ಐತಿ!"

ಆಗ ನನಗೆ ತಿಳಿಯಿತು. ಶ್ಯಾನುಭೋಗರು ಅವನಿಗೆ ಓದಿ ಹೇಳಿದ್ದ ಕಾಗದದಲ್ಲಿ 'ಹದಿನೈದು ವರ್ಷ ತುಂಬದ ಮೈನರ್ ಹುಡುಗ ಹುಡುಗಿಯರು' ಎಂದಿತ್ತು. ಅಷ್ಟುದ್ದದ ಮಾತು ಡಂಗುರದಲ್ಲಿ ನಿಲ್ಲುವುದಿಲ್ಲ. ದುರ್ಗಪ್ಪ ಅದರಲ್ಲಿ ಗಟ್ಟಿಯಾಗಿ ಕೂಗಬಹುದಾದ ಒಂದು ಮಾತನ್ನು ಹಿಡಿದುಕೊಂಡ. ಕಚೇರಿಯ ಮೈನರ್ ಎಂದರೆ ಇನ್ನೂ ದೊಡ್ಡವರಾಗದವರು. ಊರಿನ ಮೈನೆರೆದವರು ಎಂದರೆ ದೊಡ್ಡವರಾದ ಹುಡುಗಿಯರು. ಕಿವಿಗೆ ಎರಡೂ ಹತ್ತಿರ ಹತ್ತಿರ, ಅರ್ಥಕ್ಕೆ ಪೂರ್ವ ಪಶ್ಚಿಮ. ದುರ್ಗಪ್ಪನಿಗೆ ತಿಳಿದದ್ದು ಒಂದೇ ಮಾತು, ಅವನು ಅದನ್ನೇ ಸಾರಿದ್ದ. ಗಂಡು ಹುಡುಗರಿಗೆ ಆ ಮಾತು ಸಲ್ಲುವುದೇ ಇಲ್ಲವಾದ್ದರಿಂದ ಅವರ ಬಗ್ಗೆ ಸರ್ಕಾರ ಏನೂ ಹೇಳಿಲ್ಲ ಎಂದು ಊರು ತೀರ್ಮಾನಿಸಿತ್ತು.

"ಇಂಥ ಕಾಯಿದೆ ಇರುತ್ತದೆಯೇ ಎಂದು ಯಾರಿಗೂ ಅನುಮಾನ ಬರಲಿಲ್ಲವೇ?" ಎಂದು ಗೌಡರನ್ನು ಕೇಳಿದೆ.

"ಯಾಕ್ ಬರಬೇಕ್ರೀ?" ಎಂದರು ಅವರು. "ಮೈನೆರೆದೋರು ಹತ್ರ ಇದ್ರೆ ಬೆಲ್ಲ ಕಟ್ಟಾಂಗಿಲ್ಲ ಅಂತ ನಮ್ಮಜ್ಜಿನೂ ಅಂತಿದ್ಲು. ಸರ್ಕಾರಕ್ಕೂ ತಡವಾಗಿ ಬುದ್ಧಿ ಬಂತು ಅನ್ಕೊಂಡ್ವಿ."

ನಾನು ವಿವರಿಸಿದೆ. ವಿವರಿಸುವುದು ಅಷ್ಟು ಸುಲಭವಾಗಿರಲಿಲ್ಲ, ಯಾಕೆಂದರೆ ಹೆಣ್ಣುಮಕ್ಕಳು ನಿಂತಿದ್ದರು. ಕೊಪ್ಪರಿಗೆಯ ಬಳಿಯ ಗಂಡಸರು ಮುಖ ತಿರುಗಿಸಿ ನಕ್ಕರು. ದುರ್ಗಪ್ಪ ಮಾತ್ರ ನಗಲಿಲ್ಲ. ಹಾಲಮ್ಮನೂ ನಗಲಿಲ್ಲ. "ಹಂಗಾದ್ರೆ ಗಂಗಿ ಇಳಿಬೇಕು, ನಾ ಕೂರಬೇಕು. ಹೌದಲ್ರೀ?" ಎಂದಳು. ಹೌದು ಎಂದೆ. ಅವಳು ಸುತ್ತುಬಳಸಿ ಮಾತಾಡುವವಳಲ್ಲ ಎಂಬುದು ಆಗಲೇ ನನಗೆ ಹಿಡಿಸಿತು.

ತಪ್ಪನ್ನು ತಿದ್ದಿ ಮತ್ತೆ ಡಂಗುರ ಹಾಕಿಸಬೇಕಾಗಿತ್ತು. ಹದಿನೈದು ತುಂಬಿದವರು ಎಂದು ಸಾರಿಸೋಣವೆಂದರೆ ಆ ಊರಿನಲ್ಲಿ ಯಾರಿಗೂ ಯಾರ ವಯಸ್ಸೂ ಗೊತ್ತಿರಲಿಲ್ಲ. ಗಂಗೆಯ ತಾಯಿ ಪಾರ್ವತವ್ವನನ್ನು ಕೇಳಿದರೆ, "ಕೆರಿ ಕೋಡಿ ಬಿದ್ದ ವರ್ಸ ಹುಟ್ಟಿದ್ದು," ಎಂದಳು. ಕೆರೆ ಕೋಡಿ ಬಿದ್ದದ್ದು ಯಾವಾಗ ಎಂದರೆ ಗಂಗೆ ಹುಟ್ಟಿದ ವರ್ಷ. ಕೊನೆಗೆ ದುರ್ಗಪ್ಪನೇ ಉಪಾಯ ಹೇಳಿದ. ಬಟ್ಟೆ ನೋಡಿದರೆ ತಿಳಿಯುತ್ತದಲ್ಲ, ಸಣ್ಣವರು ಲಂಗ, ಚಡ್ಡಿ. ದೊಡ್ಡವರು ಸೀರೆ, ಪಂಚೆ. ಗೌಡರು ಒಪ್ಪಿದರು, ನಾನೂ ಒಪ್ಪಿದೆ. ಇಳಿಹೊತ್ತಿನಲ್ಲಿ ಹಲಗೆಯ ಸದ್ದು ಬೀದಿಯಲ್ಲಿ ಸಾಗಿತು:

"ಲಂಗದ ಹುಡುಗ್ಯಾರು, ಚಡ್ಡಿ ಹುಡುಗ್ರು ಗಾಣದ ಹತ್ರ ಬರಬ್ಯಾಡ್ರಿ! ಸೀರಿ ಉಟ್ಟೋರು, ಪಂಚಿ ಉಟ್ಟೋರು ಬರ್ರಿ!"

ಕೇಳಲು ಸೊಗಸಾಗಿತ್ತು. ಕಚೇರಿಯ ಭಾಷೆಗಿಂತ ಎಷ್ಟೋ ವಾಸಿ ಎಂದು ಮನಸ್ಸಿನಲ್ಲೇ ದುರ್ಗಪ್ಪನಿಗೆ ಅಂಕ ಕೊಟ್ಟೆ. ಮರುದಿನ ಬೆಳಿಗ್ಗೆ ನಾನು ಹೊರಡುವ ಹೊತ್ತಿಗೆ ಕಲ್ಲಿನ ಮೇಲೆ ಹಾಲಮ್ಮ ಕೂತಿದ್ದಳು. ಸೆರಗನ್ನು ಸೊಂಟಕ್ಕೆ ಬಿಗಿದು, ತೊಲೆ ಬಂದಾಗಲೆಲ್ಲ ನೋಡದೆಯೇ ಬಗ್ಗಿ ಏಳುತ್ತಿದ್ದಳು. ಗಂಗೆ ದೂರದಲ್ಲಿ ಮುಖ ಊದಿಸಿಕೊಂಡು ನಿಂತಿದ್ದಳು. ಹಿಂತಿರುಗುವಾಗ ಬನ್ನಿ, ಎರಡು ಅಚ್ಚು ಬೆಲ್ಲ ತೆಗೆದಿಟ್ಟಿರುತ್ತೇನೆ ಎಂದು ಗೌಡರು ಹೇಳಿದರು.

ಶಿರಾಳಕೊಪ್ಪಕ್ಕೆ ವಾಪಸು ಬಂದು ಸೊರಬದ ಬಸ್ಸು ಹಿಡಿದೆ. ಅಲ್ಲಿಂದ ಮುಂದೆ ದಾರಿ ಬದಲಾಗುತ್ತದೆ. ಬಯಲು ಕಡಿಮೆಯಾಗಿ ಮರ ಹೆಚ್ಚಾಗುತ್ತದೆ, ಮಾತು ಕೂಡ ಮೆತ್ತಗಾಗುತ್ತದೆ. ಬಸ್ಸಿನಲ್ಲಿ ಪಕ್ಕದವರು, "ಸ್ವಲ್ಪ ಆಚೆ ಸರೀರಿ ಮಾರಾಯ್ರೆ," ಎಂದಾಗ ಸೊರಬ ಬಂತೆಂದು ತಿಳಿಯಿತು. ಉಳಿದುಕೊಂಡದ್ದು ಪರಿಚಯದವರ ಪರಿಚಯದವರಾದ ಕೆರಿಯಪ್ಪನವರ ಮನೆಯಲ್ಲಿ. ಗದ್ದೆ ಮಾಡಿಸುವವರು, ಮಿತಭಾಷಿ. ರಾತ್ರಿ ಊಟಕ್ಕೆ ಕುಚ್ಚಲಕ್ಕಿ ಅನ್ನ, ಹುರುಳಿ ಸಾರು, ಕೊನೆಗೆ ತೊಡೆದೇವು. ಕಬ್ಬಿನ ಹಾಲಿನಲ್ಲಿ ಅಕ್ಕಿ ಹಿಟ್ಟು ಕಲಸಿ, ಬೋರಲು ಹಾಕಿದ ಮಡಕೆಯ ಮೇಲೆ ಕಾಗದದಷ್ಟು ತೆಳುವಾಗಿ ಎಳೆದು ತೆಗೆದದ್ದು. ಎಷ್ಟು ತಿಂದೆನೆಂದು ಬರೆದರೆ ಮೈಸೂರಿನಲ್ಲಿ ನನ್ನ ಮಾನ ಹೋಗುತ್ತದೆ.

ಎರಡು ದಿನ ಕೆರಿಯಪ್ಪನವರ ಜೊತೆ ಸುತ್ತಿದೆ. ಅಲ್ಲಿಯೂ ಗದ್ದೆಯಲ್ಲಿ ಸಣ್ಣವರಿದ್ದರು. ಕೇಳಿದರೆ ಕೂಲಿಯಲ್ಲ, ಮುಯ್ಯಾಳು ಎಂದರು. ಇವರ ಗದ್ದೆಗೆ ಅವರ ಮನೆಯವರು ಬರುವುದು, ಅವರ ಗದ್ದೆಗೆ ಇವರು ಹೋಗಿ ತೀರಿಸುವುದು. ದುಡ್ಡು ಕೈ ಬದಲಾಗದ ಮೇಲೆ ನನ್ನ ನಿಯಮಕ್ಕೆ ಅಲ್ಲಿ ಕಾಲಿಡಲು ಜಾಗವಿರಲಿಲ್ಲ. ಆದರೆ ಸೊಪ್ಪು, ತರಗು ತರಲು ಕಾಡಿಗೆ ಹೋಗುವ ಮಕ್ಕಳು ಮಾತ್ರ ಎಲ್ಲಿಯೂ ಕಾಣಲಿಲ್ಲ. ಹಿಂದೆಲ್ಲ ಈ ಹೊತ್ತಿಗೆ ಮಕ್ಕಳೇ ಹೋಗುತ್ತಿದ್ದರಂತೆ. ಈಗ ಕ್ಯಾಸನೂರಿನ ಕಡೆ ಮಂಗಗಳು ಸತ್ತು ಬೀಳುತ್ತವೆ, ಆ ಕಾಡಿಗೆ ಹೋಗಿ ಬಂದವರಿಗೆ ಜ್ವರ ಬಂದು ಕೆಲವರು ಉಳಿಯಲಿಲ್ಲ ಎಂದು ಸುದ್ದಿ. ಡಾಕ್ಟರುಗಳು ಬಂದು ರಕ್ತ ತೆಗೆದುಕೊಂಡು ಹೋಗುತ್ತಿದ್ದರು.

"ನಿಮ್ಮ ಕಾಯಿದೆಗಿಂತ ಮಂಗನೇ ಜೋರು, ನೋಡಿ," ಎಂದರು ಕೆರಿಯಪ್ಪನವರು. "ಒಂದು ಮಂಗ ಸತ್ತು ಬಿತ್ತು ಅಂದ್ರೆ ಸಾಕು, ಯಾವ ತಾಯೀನೂ ಮಕ್ಳನ್ನ ಕಾಡಿಗೆ ಬಿಡೂದಿಲ್ಲ. ಡಂಗುರ ಹೊಡೀಬೇಕು ಅಂತಿಲ್ಲ."

ಆ ಮಾತನ್ನೂ ಟಿಪ್ಪಣಿಯಲ್ಲಿ ಬರೆದುಕೊಂಡೆ.

ವಾಪಸು ಬರುವಾಗ ಶಿರಾಳಕೊಪ್ಪದಿಂದ ನೇರವಾಗಿ ಶಿಕಾರಿಪುರಕ್ಕೆ ಹೋಗಬಹುದಾಗಿತ್ತು. ಕೆಲಸ ಮುಗಿದಿತ್ತು, ಬಸ್ಸೂ ನಿಂತಿತ್ತು. ಗೌಡರ ಬೆಲ್ಲದ ಆಸೆಗೆ ಮತ್ತೆ ತೊಗರ್ಸಿಯ ಗಾಡಿ ಹತ್ತಿದೆ. ಬೆಲೆ ಕೊಟ್ಟೇ ತೆಗೆದುಕೊಳ್ಳಬೇಕೆಂದು ದಾರಿಯಲ್ಲಿ ನಿರ್ಧರಿಸಿದ್ದೆ. ಸಂಕ್ರಾಂತಿ ಹತ್ತಿರ ಬಂದಿತ್ತು, ಗಾಡಿಯವನು ಎತ್ತಿನ ಕೊಂಬಿಗೆ ಬಣ್ಣ ಬಳಿದಿದ್ದ.

ಆಲೆಮನೆಯ ಹತ್ತಿರ ಬರುತ್ತಿದ್ದಂತೆ ಮೊದಲು ನಗು ಬಂತು. ಎತ್ತು ಹೊಡೆಯುತ್ತಿದ್ದ ಅದೇ ಸಣ್ಣ ಹುಡುಗ ಈಗ ಅಪ್ಪನ ಪಂಚೆ ಉಟ್ಟಿದ್ದ. ಎರಡು ಮಡಿಕೆ ಮಡಚಿ ಕಟ್ಟಿದ್ದರೂ ಅದು ನೆಲ ಗುಡಿಸುತ್ತಿತ್ತು. ಒಂದು ಕೈಯಲ್ಲಿ ಬಾರುಕೋಲು, ಇನ್ನೊಂದು ಕೈಯಲ್ಲಿ ಪಂಚೆಯ ಗಂಟು. ಗರಿ ಸುಲಿಯುವ ಹುಡುಗಿಯರೂ ತಾಯಂದಿರ ಹಳೆಯ ಸೀರೆಗಳನ್ನು ಸುತ್ತಿಕೊಂಡು ಗೊಂಬೆಗಳ ಹಾಗೆ ಕೂತಿದ್ದರು. ಡಂಗುರದ ಮಾತನ್ನು ಊರು ಅಕ್ಷರಶಃ ನಡೆಸಿತ್ತು. ಆಮೇಲೆ ಗಾಣದ ಕಡೆ ನೋಡಿದೆ, ನಗು ನಿಂತುಹೋಯಿತು.

ಕಲ್ಲಿನ ಮೇಲೆ ಗಂಗೆ. ಮೈತುಂಬ ಅಕ್ಕನ ಸೀರೆ. ಉಡಲು ಬಾರದ ಹುಡುಗಿಗೆ ಯಾರೋ ಉಡಿಸಿದ್ದು. ಹೆಗಲ ಮೇಲೆ ನಿಲ್ಲದ ಸೆರಗು ಜಾರಿ ಜಾರಿ ಉರುಳೆಯ ಬಾಯಿಯ ಮುಂದೆಯೇ ತೂಗಾಡುತ್ತಿತ್ತು. ಅವಳು ಒಂದು ಕೈಯಿಂದ ಕಬ್ಬು ಕೊಡುತ್ತ ಇನ್ನೊಂದು ಕೈಯಿಂದ ಅದನ್ನು ಹಿಂದಕ್ಕೆ ಎಸೆಯುತ್ತಿದ್ದಳು. ನನಗೆ ಹೆದರಿಕೆಯಾಯಿತು. "ಎತ್ತು ನಿಲ್ಲಿಸೋ!" ಎಂದು ಕೂಗಿದೆ. ಅಷ್ಟು ಗಟ್ಟಿಯಾಗಿ ನಾನು ಕೂಗಿದ್ದು ನನಗೆ ನೆನಪಿಲ್ಲ. ಹುಡುಗ ಬೆದರಿ ಪಂಚೆ ಬಿಟ್ಟು ಮೂಗುದಾರ ಹಿಡಿದ. ಗಾಣ ನಿಂತಿತು.

ಗೌಡರು ನಗುತ್ತಲೇ ಎದ್ದು ಬಂದರು. "ಯಾಕ್ರೀ ಸಾಹೇಬ್ರೆ? ಸೀರಿ ಉಟ್ಟಾಳಲ್ಲ."

"ಹಾಲಮ್ಮ ಎಲ್ಲಿ?"

"ಕಬ್ಬು ಹೊರಾಕ ಹಾಕೇವಿ. ಆಕಿಗೆ ಕಸುವು ಐತಿ. ಕಲ್ಲಿನ ಮ್ಯಾಲೆ ಸಣ್ಣೋರೇ ಚಲೋ ಅಂತ ಈಗ ಗೊತ್ತಾತು. ತೊಲಿ ಬಂದ್ರೂ ಬಗ್ಗಬೇಕಾಗಿಲ್ಲ, ತಲಿ ಮ್ಯಾಲೆ ಹೋಕ್ಕತಿ. ಕೆಲಸ ನಿಲ್ಲಾಂಗಿಲ್ಲ." ಕೊಪ್ಪರಿಗೆಯ ಬಳಿಯಿಂದ ಪಾರ್ವತವ್ವನೂ ಬಂದಳು. ಇಬ್ಬರೂ ಮಕ್ಕಳು ದುಡಿಯುವಂತಾಯಿತಲ್ಲ, ಅದನ್ನು ಕೆಡಿಸಬೇಡಿ ಎಂದು ಕೈಮುಗಿದಳು. ನಿಮ್ಮ ಮಾತೇ ನಡೆಸಿದ್ದೇವಲ್ಲ ಎಂದಳು. ಅದು ನಿಜವೇ ಆಗಿತ್ತು.

ನಾನು ಗಂಗೆಯ ಬಳಿ ಹೋಗಿ ಸೆರಗಿನ ತುದಿಯನ್ನು ಕೈಗೆ ತೆಗೆದುಕೊಂಡೆ. ಒಂದು ಗೇಣಿನಷ್ಟು ಬಟ್ಟೆ ಜಜ್ಜಿಹೋಗಿ, ರಸದಲ್ಲಿ ನೆನೆದು ಒಣಗಿ, ಚರ್ಮದ ಹಾಗೆ ಗಡಸಾಗಿತ್ತು. ಇದೇನು ಎಂದು ಕೇಳಿದೆ.

"ನಿನ್ನಿ ಒಂದ್ಸಲ ಸಿಕ್ಕೊಂಡಿತ್ರಿ," ಎಂದಳು ಗಂಗೆ, ದೊಡ್ಡವರ ಗತ್ತಿನಲ್ಲಿ. "ಅವ ಎತ್ತು ನಿಲ್ಸಿದ. ಎಳಕೊಂಡೆ, ಬಂತು."

ಹೊಲದಿಂದ ಹೊರೆ ಹೊತ್ತು ಬಂದ ಹಾಲಮ್ಮ ಆಗಷ್ಟೇ ನಮ್ಮ ಹಿಂದೆ ಬಂದು ನಿಂತಿದ್ದಳು. ತಂಗಿಯ ಮಾತು ಅವಳ ಕಿವಿಗೆ ಬಿತ್ತು. ಅವಳಿಗೆ ಅದು ಮೊದಲು ಗೊತ್ತಿರಲಿಲ್ಲ. ಹೊರೆಯನ್ನು ಇಳಿಸಲಿಲ್ಲ, ತಲೆಯಿಂದ ಹಾಗೆಯೇ ಬೀಳಲು ಬಿಟ್ಟಳು. ನೇರವಾಗಿ ಬಂದು ಗಂಗೆಯ ರಟ್ಟೆ ಹಿಡಿದು ಕಲ್ಲಿನ ಮೇಲಿಂದ ಎಬ್ಬಿಸಿದಳು.

"ಗೌಡ್ರೆ, ಇಲ್ಲಿ ನಾ ಕೂರ್ತೀನಿ."

"ಹೊರೆ ಹೊರೋರು ಯಾರವ್ವ?" ಎಂದರು ಗೌಡರು.

ಗೌಡರ ಮಗ ಶಿಕಾರಿಪುರದಲ್ಲಿ ಹೈಸ್ಕೂಲು ಓದುತ್ತಿದ್ದ. ಹಬ್ಬಕ್ಕೆ ಊರಿಗೆ ಬಂದಿದ್ದ ಆ ದಪ್ಪ ಯುವಕ ಇಸ್ತ್ರಿ ಪಂಚೆ ಉಟ್ಟು ಚಪ್ಪರದ ಕೆಳಗೆ ನೊರೆಬೆಲ್ಲ ನೆಕ್ಕುತ್ತ ಕೂತಿದ್ದ. ಹಾಲಮ್ಮ ಗದ್ದದಿಂದ ಅವನ ಕಡೆ ತೋರಿಸಿದಳು. "ಸಣ್ಣಗೌಡ್ರು ಹೊರಲಿ. ಅವರೂ ಪಂಚಿ ಉಟ್ಟಾರಲ್ಲ. ಡಂಗುರ ಎಲ್ಲಾರಿಗೂ ಬಿದ್ದತಿ."

ಯಾರೋ ಕಿಸಕ್ಕನೆ ನಕ್ಕರು. ಗೌಡರು ಆ ನಗುವಿಗೆ ಸೇರಲಿಲ್ಲ. ಅವರು ಸೆರಗಿನ ಆ ಜಜ್ಜಿದ ತುದಿಯನ್ನೇ ನೋಡುತ್ತಿದ್ದರು. ಎಡಗೈಯನ್ನು ಕಂಬಳಿಯೊಳಕ್ಕೆ ಎಳೆದುಕೊಂಡರು. ಆಮೇಲೆ, "ಏ ಶಿವಣ್ಣ, ಏಳೋ," ಎಂದು ಮಗನನ್ನು ಕರೆದರು. "ಹೊಲಕ್ಕೆ ಹೋಗು. ಸಣ್ಣ ಹೊರೀನೇ ಕಟ್ಟಿಸ್ಕೋ." ಎತ್ತಿನ ಹುಡುಗನಿಂದ ಬಾರುಕೋಲು ತೆಗೆದುಕೊಂಡು ಅವನನ್ನೂ ಮನೆಗೆ ಕಳುಹಿಸಿ, ಎತ್ತಿನ ಹಿಂದೆ ತಾವೇ ನಿಂತರು. ಗಾಣ ಮತ್ತೆ ತಿರುಗಿತು. ಹಾಲಮ್ಮ ಬಗ್ಗಿದಳು, ಎದ್ದಳು, ಕಬ್ಬು ಕೊಟ್ಟಳು.

ಗಂಗೆಯ ಕೂಲಿ ತಪ್ಪಿತೆಂದು ಪಾರ್ವತವ್ವ ನನ್ನ ಮೇಲೆ ಸಿಟ್ಟಾದಳು. ನಮ್ಮ ಒಲೆಗೆ ನೀರು ಹೊಯ್ಯಲು ಅಷ್ಟು ದೂರದಿಂದ ಬಂದಿರಾ ಎಂದು ಮುಖಕ್ಕೆ ಹೊಡೆದಂತೆ ಕೇಳಿದಳು. ಆ ಮನೆಗೆ ಏನು ಮಾಡಬೇಕೆಂದು ನಮ್ಮ ನಿಯಮದಲ್ಲಿ ಒಂದು ಸಾಲೂ ಇರಲಿಲ್ಲ. ನನಗೆ ನಾಚಿಕೆಯಾಯಿತು. ಬೆಲ್ಲ ಕೇಳಲು ಮನಸ್ಸು ಬರಲಿಲ್ಲ, ಗೌಡರೂ ಮರೆತಿದ್ದರು. ಗಾಡಿ ನಿಲ್ಲಿಸಿದ್ದ ಕಡೆ ನಡೆದೆ.

ಹಿಂದೆ ಕಾಲಸಪ್ಪಳ ಕೇಳಿ ತಿರುಗಿದರೆ ಗಂಗೆ. ಸೀರೆ ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡಿದ್ದಳು, ಮೈಮೇಲೆ ಅದೇ ಹರಿದ ಲಂಗ. ಅತ್ತಿದ್ದು ಕೆನ್ನೆಯ ಮೇಲೆ ಗೆರೆಯಾಗಿ ಒಣಗಿತ್ತು.

"ನೀವು ಬಂದಿದ್ದಕ್ಕೇ ನನ್ನ ಕೆಲಸ ಹೋತು," ಎಂದಳು. ಆಮೇಲೆ ಕೇಳಿದಳು, "ನಾ ಯಾವಾಗ ದೊಡ್ಡಾಕಿ ಆಗಾದು?"

ಹದಿನೈದು ತುಂಬಿದಾಗ ಎಂದರೆ ಅವಳಿಗೆ ಏನೂ ತಿಳಿಯುವಂತಿರಲಿಲ್ಲ. "ಇನ್ನು ನಾಲ್ಕು ಸುಗ್ಗಿ ಕಳೆಯಲಿ," ಎಂದೆ.

ಅವಳು ಬಲಗೈ ಬಿಡಿಸಿ ಹಿಡಿದಳು. ಕಬ್ಬಿನ ರಸ ಒಣಗಿ ಬೆರಳುಗಳು ಒಂದಕ್ಕೊಂದು ಅಂಟಿಕೊಳ್ಳುತ್ತಿದ್ದವು. ಕಿರುಬೆರಳಿನಿಂದ ಶುರುಮಾಡಿ, ಬಾಯಲ್ಲಿ ಎಣಿಸುತ್ತ, ಒಂದೊಂದನ್ನೇ ಬಿಡಿಸಿ ಮಡಚಿದಳು. ನಾಲ್ಕು ಮುಗಿದವು. ಹೆಬ್ಬೆರಳು ನೆಟ್ಟಗೆ ನಿಂತಿತ್ತು. ಅದನ್ನು ನನಗೆ ತೋರಿಸಿ, "ಇದೊಂದು ಉಳೀತಲ್ರೀ," ಎಂದಳು.

"ಉಳಿಯಲಿ," ಎಂದೆ.